ಹಳೆಯ ಸಹಪಾಠಿಗಳ ಜೊತೆ ಹಡಗಿನ ಪ್ರವಾಸ: ಘಟ್ಟದಲ್ಲಿ ವಾಂತಿ ಮಾಡುವವರು ಕಡಲಿಗೆ ಹೋಗಬಹುದೇ?

ಶಿರಸಿ, ಸಿದ್ದಾಪುರ ಅಥವಾ ಯಲ್ಲಾಪುರದ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪೊಂದನ್ನು ಕಲ್ಪಿಸಿಕೊಳ್ಳಿ. ಧಾರವಾಡದಲ್ಲಿ ಒಟ್ಟಿಗೆ ಓದಿದವರು, ಈಗ ಅರವತ್ತರ ಆಚೀಚೆ ಇದ್ದಾರೆ. ಬೆಳಗಿನ ಗುಡ್ ಮಾರ್ನಿಂಗ್ ಚಿತ್ರಗಳ ನಡುವೆ ಒಂದು ಫಾರ್ವರ್ಡ್ ಬರುತ್ತದೆ: ‘ಹಳೆಯ ವಿದ್ಯಾರ್ಥಿಗಳಿಗಾಗಿ ಸಣ್ಣ ಹಡಗಿನಲ್ಲಿ ಶೈಕ್ಷಣಿಕ ಪ್ರವಾಸ. ಜೊತೆಗೆ ಪ್ರಾಧ್ಯಾಪಕರ ಉಪನ್ಯಾಸ. ಕೆಲವೇ ಸೀಟು ಬಾಕಿ. ಇಂದೇ ಮುಂಗಡ ಕಳಿಸಿ.’

ಐದು ನಿಮಿಷದಲ್ಲಿ ಉತ್ತರಗಳು ಶುರು. ‘ನಾನು ಬರೋದಿಲ್ಲ ಮಾರಾಯ, ದೇವಿಮನೆ ಘಟ್ಟ ಇಳಿಯುವಾಗಲೇ ನನ್ನ ಕಥೆ ಮುಗಿದಿರ್ತದೆ.’ ‘ಲಿಂಬು ಮೂಸಿದ್ರೆ ಏನೂ ಆಗೋದಿಲ್ಲ.’ ‘ಸಣ್ಣ ಹಡಗು ಬೇಗ ಮುಳುಗ್ತದಂತೆ.’ ‘ಈಜು ಬರದವರನ್ನು ಹತ್ತಿಸೋದೇ ಇಲ್ಲವಂತೆ.’ ‘ಲಕ್ಷದ್ವೀಪಕ್ಕೆ ಪಾಸ್‌ಪೋರ್ಟ್ ಬೇಕಂತೆ.’

ಇವುಗಳಲ್ಲಿ ಕೆಲವು ಪೂರ್ತಿ ಸುಳ್ಳು, ಕೆಲವು ಅರ್ಧ ನಿಜ. ತೊಂದರೆ ಏನೆಂದರೆ, ಆರಾಮಾಗಿ ಹೋಗಿ ಬರಬಹುದಾದವರು ತಪ್ಪು ಹೆದರಿಕೆಯಿಂದ ಮನೆಯಲ್ಲೇ ಉಳಿಯುತ್ತಾರೆ. ನಿಜವಾಗಿ ಎಚ್ಚರ ವಹಿಸಬೇಕಾದವರು ಯಾರನ್ನೂ ಕೇಳದೆ ಮಾತ್ರೆ ನುಂಗಿ ಹಡಗು ಹತ್ತುತ್ತಾರೆ. ಒಂದೊಂದಾಗಿ ನೋಡೋಣ.

ಸಣ್ಣ ಹಡಗು ಅಂದರೆ ಎಷ್ಟು ಸಣ್ಣದು?

ಜಾಹೀರಾತಿನಲ್ಲಿ ಕಾಣುವ ದೊಡ್ಡ ಕ್ರೂಸ್ ಹಡಗುಗಳು ತೇಲುವ ಪಟ್ಟಣಗಳಿದ್ದಂತೆ. 2024ರಲ್ಲಿ ಸಂಚಾರ ಆರಂಭಿಸಿದ ‘ಐಕಾನ್ ಆಫ್ ದಿ ಸೀಸ್’ ಹಡಗು ಗರಿಷ್ಠ 7,600 ಪ್ರಯಾಣಿಕರನ್ನು ಹೊತ್ತೊಯ್ಯಬಲ್ಲದು. ‘ಸಣ್ಣ ಹಡಗು’ ಎಂದಾಗ ಸಾಮಾನ್ಯವಾಗಿ ಇನ್ನೂರು, ಮುನ್ನೂರು ಜನರೊಳಗಿನ ಹಡಗು ಎಂದು ತಿಳಿಯಬಹುದು. ಕೆಲವು ಇನ್ನೂ ಚಿಕ್ಕವು. 2023ರ ಜನವರಿ 13ರಂದು ವಾರಾಣಸಿಯಿಂದ ದಿಬ್ರುಗಢಕ್ಕೆ ಹೊರಟ ‘ಗಂಗಾ ವಿಲಾಸ್’ ನದಿ ಹಡಗಿನಲ್ಲಿದ್ದದ್ದು 18 ಕೋಣೆಗಳು, 36 ಪ್ರಯಾಣಿಕರಿಗೆ ಜಾಗ. ಬಾಂಗ್ಲಾದೇಶದ ಮೂಲಕ ಹಾದು ಸುಮಾರು 3,200 ಕಿಲೋಮೀಟರ್ ದೂರವನ್ನು 51 ದಿನಗಳಲ್ಲಿ ಕ್ರಮಿಸುವ ಯೋಜನೆ ಅದು.

ಕಲಿಕೆಯ ಪ್ರವಾಸಕ್ಕೂ ಸಣ್ಣ ಹಡಗಿಗೂ ನಂಟು ಬೆಳೆದದ್ದಕ್ಕೆ ಕಾರಣವಿದೆ. 1966ರಲ್ಲಿ ಲಾರ್ಸ್ ಎರಿಕ್ ಲಿಂಡ್‌ಬ್ಲಾಡ್ ಎಂಬ ಪ್ರವಾಸ ಉದ್ಯಮಿ ಸಾಮಾನ್ಯ ಜನರ ತಂಡವೊಂದನ್ನು ಅಂಟಾರ್ಕ್ಟಿಕಾಕ್ಕೆ ಕರೆದೊಯ್ದರು. ಜೊತೆಗೆ ತಜ್ಞರನ್ನೂ ಕರೆದೊಯ್ದು ಪಾಠ ಹೇಳಿಸುವ ಈ ಮಾದರಿ ಆಮೇಲೆ ಎಲ್ಲೆಡೆ ಹಬ್ಬಿತು. ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳ ಹಳೆಯ ವಿದ್ಯಾರ್ಥಿ ಸಂಘಗಳು ಈಗ ತಮ್ಮದೇ ಪ್ರಾಧ್ಯಾಪಕರನ್ನು ಜೊತೆಗಿಟ್ಟುಕೊಂಡು ಇಂಥ ಪ್ರವಾಸಗಳನ್ನು ನಡೆಸುತ್ತವೆ. ಅಲ್ಲಿ ನೆಲೆಸಿದ ನಮ್ಮ ಜಿಲ್ಲೆಯ ಮಕ್ಕಳ ಮೂಲಕವೇ ಎಷ್ಟೋ ಫಾರ್ವರ್ಡ್‌ಗಳು ಶಿರಸಿಗೆ ಬಂದು ತಲುಪುತ್ತವೆ.

ಸೂಕ್ಷ್ಮ ಜಾಗಗಳಲ್ಲಿ ನಿಯಮವೇ ಸಣ್ಣ ಹಡಗಿನ ಪರ ಇದೆ. ಅಂಟಾರ್ಕ್ಟಿಕಾದಲ್ಲಿ 500ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗಿನಿಂದ ಯಾರೂ ದಡಕ್ಕೆ ಇಳಿಯುವಂತಿಲ್ಲ. ಉಳಿದ ಹಡಗುಗಳಿಂದಲೂ ಒಂದು ಜಾಗದಲ್ಲಿ ಒಮ್ಮೆಗೆ ನೂರಕ್ಕಿಂತ ಹೆಚ್ಚು ಜನ ಇಳಿಯುವಂತಿಲ್ಲ. ಗ್ಯಾಲಪಗೋಸ್ ದ್ವೀಪಗಳಲ್ಲಿ ಪ್ರವಾಸಿ ಹಡಗೊಂದಕ್ಕೆ ನೂರು ಪ್ರಯಾಣಿಕರ ಮಿತಿ ಇದೆ. ಹದಿನಾರು ಜನರಿಗೊಬ್ಬ ಮಾರ್ಗದರ್ಶಿ ಇರಬೇಕು.

ಹಾಗಾಗಿ ‘ಸಣ್ಣದು’ ಎಂಬುದು ಕೊರತೆಯಲ್ಲ. ಆದರೆ ಅದಕ್ಕೆ ಬೆಲೆಯೂ ಇದೆ. ಸಣ್ಣ ಹಡಗು ಅಲೆಗೆ ಹೆಚ್ಚು ಓಲಾಡುತ್ತದೆ, ವೈದ್ಯಕೀಯ ಸೌಲಭ್ಯ ಕಡಿಮೆ, ಲಿಫ್ಟ್ ಇಲ್ಲದಿರಬಹುದು. ಹಾಗೆಂದು ಓಲಾಡುವುದು ಬೇರೆ, ಮುಳುಗುವುದು ಬೇರೆ. ಸುರಕ್ಷತೆಯನ್ನು ನಿರ್ಧರಿಸುವುದು ಹಡಗಿನ ಗಾತ್ರವಲ್ಲ. ಅದರ ನಿರ್ವಹಣೆ, ಹತ್ತಿಸಿಕೊಂಡ ಜನರ ಸಂಖ್ಯೆ, ಹವಾಮಾನ ಮತ್ತು ಸಿಬ್ಬಂದಿಯ ಶಿಸ್ತು ಮುಖ್ಯ. 1912ರಲ್ಲಿ ಮುಳುಗಿದ ಟೈಟಾನಿಕ್ ಆ ಕಾಲದ ಅತಿ ದೊಡ್ಡ ಹಡಗಾಗಿತ್ತು ಎಂಬುದನ್ನು ನೆನಪಿಡಿ.

ನಮಗೆ ಹತ್ತಿರದ ಕಡಲ ಪಾಠಶಾಲೆ

ಅಂಟಾರ್ಕ್ಟಿಕಾ ದೂರದ ಮಾತಾಯಿತು. ನಮ್ಮವರಿಗೆ ಕೈಗೆಟುಕುವ ಉದಾಹರಣೆ ಲಕ್ಷದ್ವೀಪ. ಕುಮಟಾ ಅಥವಾ ಹೊನ್ನಾವರದಲ್ಲಿ ಕೊಂಕಣ ರೈಲು ಹತ್ತಿ ಕೊಚ್ಚಿ ತಲುಪಿದರೆ ಅಲ್ಲಿಂದ ಹಡಗಿದೆ. ದ್ವೀಪದಿಂದ ದ್ವೀಪಕ್ಕೆ ವ್ಯತ್ಯಾಸವಿದ್ದರೂ ಪಯಣಕ್ಕೆ ಸುಮಾರು 14ರಿಂದ 18 ತಾಸು ಬೇಕು. ಲಕ್ಷದ್ವೀಪ ಆಡಳಿತದ ಪ್ರವಾಸೋದ್ಯಮ ಸಂಸ್ಥೆಯಾದ ‘ಸ್ಪೋರ್ಟ್ಸ್’, ‘ಎಂ.ವಿ. ಕವರತ್ತಿ’ ಹಡಗಿನಲ್ಲಿ ‘ಸಮುದ್ರಂ’ ಎಂಬ ಐದು ದಿನಗಳ ಪ್ರವಾಸ ನಡೆಸಿಕೊಂಡು ಬಂದಿದೆ. ಕವರತ್ತಿ, ಕಲ್ಪೇನಿ, ಮಿನಿಕಾಯ್ ದ್ವೀಪಗಳನ್ನು ಹಗಲು ನೋಡಿ, ರಾತ್ರಿ ಹಡಗಿಗೆ ಮರಳುವ ವ್ಯವಸ್ಥೆ ಅದು. ಸುಮಾರು 700 ಜನರನ್ನು ಒಯ್ಯಬಲ್ಲ ಈ ಹಡಗು ಐಷಾರಾಮಿ ಕ್ರೂಸ್ ಅಲ್ಲ. ದ್ವೀಪದ ಜನ ದಿನನಿತ್ಯ ಓಡಾಡುವ ಹಡಗು. ವೇಳಾಪಟ್ಟಿ ಬದಲಾಗುತ್ತಿರುತ್ತದೆ, ಆದ್ದರಿಂದ ಸಂಸ್ಥೆಯ ಅಧಿಕೃತ ಜಾಲತಾಣ ನೋಡಿಯೇ ಮುಂದುವರಿಯಬೇಕು.

ಅಂದಹಾಗೆ ಭಾರತೀಯರಿಗೆ ಲಕ್ಷದ್ವೀಪಕ್ಕೆ ಪಾಸ್‌ಪೋರ್ಟ್ ಬೇಕಾಗಿಲ್ಲ. ಬೇಕಾದದ್ದು ಪ್ರವೇಶ ಪರವಾನಗಿ ಮತ್ತು ಗುರುತಿನ ಚೀಟಿ.

ಕಲಿಯಲು ಅಲ್ಲಿ ಏನಿದೆ? ಕರ್ನಾಟಕದವರಿಗೆ ಬೇಕಾದಷ್ಟಿದೆ. ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು 1956ರ ನವೆಂಬರ್ 1ರವರೆಗೆ ಆಗಿನ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅವುಗಳ ಆಡಳಿತ ಮಂಗಳೂರಿನಿಂದ ನಡೆಯುತ್ತಿತ್ತು.

ಭೂವಿಜ್ಞಾನದ ನಂಟು ಇನ್ನೂ ಹಳೆಯದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ ಪ್ರಸ್ಥಭೂಮಿಯ ಮೇಲೆ ಲಾವಾ ಸುರಿಯಿತು. ಬೆಳಗಾವಿ ಕಡೆ ಕಾಣುವ ಕಪ್ಪು ಬಸಾಲ್ಟ್ ಕಲ್ಲು ಅದರದ್ದೇ. ಆ ಲಾವಾ ಉಕ್ಕಿಸಿದ ಭೂಗರ್ಭದ ಬಿಸಿತಾಣದ ಮೇಲಿಂದ ಭಾರತದ ಭೂಫಲಕ ಉತ್ತರಕ್ಕೆ ಸರಿಯುತ್ತಾ ಹೋದಂತೆ ಸಮುದ್ರದ ತಳದಲ್ಲಿ ಒಂದು ದಿಬ್ಬದ ಸಾಲು ಉಳಿಯಿತು. ಲಕ್ಷದ್ವೀಪ ಮತ್ತು ಮಾಲ್ಡೀವ್ಸ್ ನಿಂತಿರುವುದು ಅದೇ ಸಾಲಿನ ಮೇಲೆ. ಅದರ ನೆತ್ತಿಗೆ ಹವಳದ ಟೋಪಿ. ಹವಳವು ಗಿಡವಲ್ಲ, ಕಲ್ಲೂ ಅಲ್ಲ, ಪುಟ್ಟ ಪ್ರಾಣಿಗಳ ಸಂಸಾರ. ನೀರು ಅತಿಯಾಗಿ ಬಿಸಿಯಾದಾಗ ಅವು ಬಣ್ಣಗೆಡುತ್ತವೆ. 1998, 2010, 2016 ಮತ್ತು 2024ರಲ್ಲಿ ಅಲ್ಲಿ ಹೀಗಾಗಿದೆ.

ಕವರತ್ತಿಯಲ್ಲಿ 2005ರಿಂದ ಕಡಲ ನೀರನ್ನು ಕುಡಿಯುವ ನೀರಾಗಿಸುವ ಘಟಕವಿದೆ. ದಿನಕ್ಕೆ ಒಂದು ಲಕ್ಷ ಲೀಟರ್ ಸಾಮರ್ಥ್ಯ. ಮೇಲಿನ ಬೆಚ್ಚಗಿನ ನೀರನ್ನು ಗಾಳಿಯ ಒತ್ತಡ ಕಡಿಮೆ ಮಾಡಿದ ಕೊಠಡಿಯಲ್ಲಿ ಆವಿಯಾಗಿಸಿ, ನೂರಾರು ಮೀಟರ್ ಆಳದಿಂದ ತಂದ ತಣ್ಣೀರಿನಿಂದ ಆ ಆವಿಯನ್ನು ಮತ್ತೆ ನೀರಾಗಿಸುತ್ತಾರೆ. ಬೇಸಿಗೆಯಲ್ಲಿ ಟ್ಯಾಂಕರ್ ಕಾಯುವ ಊರಿನವರಿಗೆ ಇದನ್ನು ಕಣ್ಣಾರೆ ನೋಡುವುದೇ ಒಂದು ಪಾಠ.

ಇಂಥ ಪಾಠ ತಾನಾಗಿ ಸಿಗುವುದಿಲ್ಲ. ಯಾರಾದರೂ ಹೇಳಿಕೊಡಬೇಕು. ಗುಂಪಿನವರು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಓದಿದವರಾದರೆ ಒಂದು ಸುಲಭ ದಾರಿ ಇದೆ. ಆ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇರುವುದು ನಮ್ಮದೇ ಜಿಲ್ಲೆಯ ಕಾರವಾರದ ಕೋಡಿಬಾಗದಲ್ಲಿ. ಅಲ್ಲಿನ ಅಧ್ಯಾಪಕರೊಬ್ಬರನ್ನು ಜೊತೆಗೆ ಬರಲು ಕೇಳಿಕೊಂಡರೆ, ಸಾಮಾನ್ಯ ಹಡಗೂ ಶೈಕ್ಷಣಿಕ ಹಡಗಾಗುತ್ತದೆ. ಹೇಳುವವರೇ ಇಲ್ಲದಿದ್ದರೆ ‘ಶೈಕ್ಷಣಿಕ’ ಎಂಬುದು ಬರೀ ಜಾಹೀರಾತಿನ ಮಾತು.

ಘಟ್ಟದ ವಾಂತಿ, ಕಡಲ ವಾಂತಿ

ಈಗ ಎಲ್ಲರ ಮುಖ್ಯ ಹೆದರಿಕೆಗೆ ಬರೋಣ. ಶಿರಸಿಯವರಿಗೆ ದೇವಿಮನೆ, ಸಿದ್ದಾಪುರದವರಿಗೆ ದೊಡ್ಮನೆ, ಯಲ್ಲಾಪುರದವರಿಗೆ ಅರಬೈಲ್. ಕರಾವಳಿಗೆ ಇಳಿಯುವ ಈ ಘಟ್ಟಗಳಲ್ಲಿ ಬಸ್ಸಿನ ಕಿಟಕಿಗೆ ತಲೆ ಹಾಕದವರು ಅಪರೂಪ. ಘಟ್ಟದಲ್ಲಿ ಆಗುವುದೂ ಕಡಲಿನಲ್ಲಿ ಆಗುವುದೂ ಒಂದೇ ತೊಂದರೆ, ಕಾರಣ ಹೊಟ್ಟೆಯಲ್ಲ, ಕಿವಿ.

ನಮ್ಮ ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತದ ನಾಳಗಳಿವೆ. ತಲೆ ತಿರುಗಿದಾಗ ಅವು ಮೆದುಳಿಗೆ ಸುದ್ದಿ ಕೊಡುತ್ತವೆ. ಪಕ್ಕದಲ್ಲೇ ಇರುವ ಸೂಕ್ಷ್ಮ ಹರಳುಗಳ ಅಂಗ ಮೇಲೆ, ಕೆಳಗೆ, ಹಿಂದೆ, ಮುಂದೆ ಸಾಗುವ ಚಲನೆಯನ್ನು ಗುರುತಿಸುತ್ತದೆ. ಬಸ್ಸಿನ ಒಳಗೆ ಮೊಬೈಲ್ ನೋಡುತ್ತಾ ಕುಳಿತರೆ ಕಣ್ಣು ‘ಏನೂ ಅಲುಗಾಡುತ್ತಿಲ್ಲ’ ಎನ್ನುತ್ತದೆ, ಕಿವಿ ‘ತಿರುಗುತ್ತಿದ್ದೇವೆ’ ಎನ್ನುತ್ತದೆ. ಈ ತಾಳಮೇಳ ತಪ್ಪಿದಾಗ ಹೊಟ್ಟೆ ತೊಳಸುತ್ತದೆ ಎಂಬುದು ಹೆಚ್ಚಿನ ವಿಜ್ಞಾನಿಗಳು ಒಪ್ಪುವ ವಿವರಣೆ. ಒಳಕಿವಿಯ ಈ ಭಾಗ ಪೂರ್ತಿ ಕೆಲಸ ನಿಲ್ಲಿಸಿದವರಿಗೆ ಇಂಥ ವಾಂತಿ ಬರುವುದಿಲ್ಲ. ಬಸ್ಸಿನ ಡ್ರೈವರನಿಗೆ ಬರದಿರುವುದೂ ಇದಕ್ಕೇ. ಮುಂದಿನ ತಿರುವು ಯಾವ ಕಡೆ ಎಂದು ಅವನ ಮೆದುಳಿಗೆ ಮೊದಲೇ ಗೊತ್ತಿರುತ್ತದೆ.

ಎಲ್ಲ ಅಲುಗಾಟವೂ ಒಂದೇ ಅಲ್ಲ. ಸುಮಾರು ಐದು ಸೆಕೆಂಡಿಗೊಮ್ಮೆ ಏರಿಳಿಯುವ ನಿಧಾನ ಚಲನೆ ಅತಿ ಹೆಚ್ಚು ತೊಂದರೆ ಕೊಡುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಕುಲುಕುವ ಮಣ್ಣುರಸ್ತೆಯಲ್ಲಿ ಬೆನ್ನು ನೋಯಬಹುದು, ಆದರೆ ವಾಂತಿ ತರಿಸುವುದು ಹೆಚ್ಚಾಗಿ ನಿಧಾನವಾದ ಓಲಾಟವೇ. ಹಡಗಿನದು ಅಂಥದ್ದೇ.

ಹಾಗಾದರೆ ಘಟ್ಟದಲ್ಲಿ ವಾಂತಿ ಮಾಡುವವರಿಗೆ ಹಡಗಿನಲ್ಲೂ ಆಗಿಯೇ ಆಗುತ್ತದೆಯೇ? ಸಾಧ್ಯತೆ ಹೆಚ್ಚು, ಖಾತ್ರಿ ಅಲ್ಲ. ಸಮಾಧಾನ ಕೊಡುವ ಮೂರು ಸಂಗತಿಗಳಿವೆ. ಮೊದಲನೆಯದು, ಈ ತೊಂದರೆ ಒಂಬತ್ತು, ಹತ್ತು ವರ್ಷದ ಮಕ್ಕಳಲ್ಲಿ ಅತಿ ಹೆಚ್ಚು. ವಯಸ್ಸಾದಂತೆ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಕಾಲೇಜು ದಿನಗಳ ಅನುಭವದಿಂದಲೇ ಇಂದು ತೀರ್ಮಾನಿಸಬೇಡಿ. ಎರಡನೆಯದು, ಬಸ್ಸಿನಲ್ಲಿ ಮಲಗಲು ಆಗದು, ಹಡಗಿನಲ್ಲಿ ಆಗುತ್ತದೆ. ಮಲಗಿ ಕಣ್ಣು ಮುಚ್ಚಿದರೆ ತೊಳಸು ಇಳಿಯುತ್ತದೆ. ಮೂರನೆಯದು, ಎರಡು ಮೂರು ದಿನಗಳಲ್ಲಿ ಹೆಚ್ಚಿನವರ ಮೆದುಳು ಅಲೆಗೆ ಹೊಂದಿಕೊಳ್ಳುತ್ತದೆ. ಹೊಂದಿಕೊಂಡದ್ದಕ್ಕೆ ಸಾಕ್ಷಿ, ಮನೆಗೆ ಬಂದ ಮೇಲೂ ಜಗುಲಿ ಓಲಾಡಿದಂತೆ ಅನಿಸುವುದು! ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಅದೂ ಹೋಗುತ್ತದೆ.

ಮೈಗ್ರೇನ್ ಇರುವವರಿಗೆ ಮಾತ್ರ ತೊಂದರೆ ಹೆಚ್ಚು. ತೀರಾ ಹೆದರಿಕೆ ಇದ್ದರೆ ನದಿ ಹಡಗನ್ನು ಯೋಚಿಸಬಹುದು. ಅಲ್ಲಿ ಕಡಲಿನಂಥ ಅಲೆಗಳಿಲ್ಲ.

ತಿಂಗಳೂ ಮುಖ್ಯ. ಜೂನ್‌ನಲ್ಲಿ ಮಲೆನಾಡಿಗೆ ಮಳೆ ತರುವ ನೈಋತ್ಯ ಮಾರುತವೇ ಅರಬ್ಬೀ ಸಮುದ್ರವನ್ನು ಕೆರಳಿಸುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಅದರ ಮುಖ್ಯ ಉದ್ದೇಶ ಮೀನಿನ ಸಂತತಿ ಉಳಿಸುವುದಾದರೂ, ಆ ತಿಂಗಳುಗಳ ಕಡಲು ಮೋಜಿನದ್ದಲ್ಲ. ‘ಮಳೆಗಾಲದ ವಿಶೇಷ ರಿಯಾಯಿತಿ’ ಎಂಬ ಹಡಗಿನ ಫಾರ್ವರ್ಡ್ ಬಂದರೆ ರಿಯಾಯಿತಿ ಏಕೆಂದು ಈಗ ನಿಮಗೆ ಗೊತ್ತು.

ಲಿಂಬು, ಪೇಪರ್, ಶುಂಠಿ, ಮಾತ್ರೆ

ಲಿಂಬು ಮೂಸಿದರೆ, ಅಪ್ಪೆಮಿಡಿ ನೆಕ್ಕಿದರೆ ಬಾಯಿಗೆ ಹಿತವೆನಿಸಬಹುದು. ಒಳಕಿವಿಗೆ ಅದರಿಂದ ಏನೂ ಆಗದು. ರಕ್ತದೊತ್ತಡ ಇರುವವರು ಉಪ್ಪಿನಕಾಯಿಯನ್ನು ಔಷಧಿಯಂತೆ ತಿನ್ನುವುದು ಬೇಡ. ಹೊಟ್ಟೆಯ ಮೇಲೆ ಪೇಪರ್ ಇಟ್ಟುಕೊಳ್ಳುವುದಕ್ಕೆ ಯಾವ ವೈಜ್ಞಾನಿಕ ಆಧಾರವೂ ಇಲ್ಲ. ಮಣಿಕಟ್ಟಿಗೆ ಕಟ್ಟುವ ಪಟ್ಟಿಗಳಿಂದ ಖಚಿತ ಲಾಭ ಸಾಬೀತಾಗಿಲ್ಲ. ಶುಂಠಿಯ ಕುರಿತು ಅಧ್ಯಯನಗಳು ಮಿಶ್ರ ಫಲಿತಾಂಶ ಕೊಟ್ಟಿವೆ. ಅಡುಗೆಯ ಪ್ರಮಾಣದಲ್ಲಿ ಬಳಸಿದರೆ ತೊಂದರೆಯಿಲ್ಲ, ಅದನ್ನೇ ನಂಬಿ ಕೂರಬೇಡಿ. ಖಾಲಿ ಹೊಟ್ಟೆಯಲ್ಲಿ ಹೋದರೆ ವಾಂತಿ ಬರುವುದಿಲ್ಲ ಎಂಬುದೂ ತಪ್ಪು. ಎಣ್ಣೆ ಜಿಡ್ಡಿಲ್ಲದ ಹಗುರ ಊಟ ಒಳ್ಳೆಯದು.

ಖರ್ಚಿಲ್ಲದೆ ಕೆಲಸ ಮಾಡುವ ಉಪಾಯಗಳಿವು: ಹಡಗಿನ ನಡುಭಾಗದಲ್ಲಿ, ಕೆಳ ಅಂತಸ್ತಿನಲ್ಲಿ ಕೋಣೆ ಕೇಳಿ, ಅಲ್ಲಿ ಓಲಾಟ ಕಡಿಮೆ. ಹೊರಗೆ ಬಂದು ದಿಗಂತವನ್ನು ನೋಡಿ, ಆಗ ಕಣ್ಣೂ ಕಿವಿಯೂ ಒಂದೇ ಸುದ್ದಿ ಹೇಳುತ್ತವೆ. ಮೊಬೈಲ್ ಒಳಗಿಡಿ.

ಮಾತ್ರೆಗಳ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಮನೆಯಲ್ಲಿ ವಾಂತಿಗೆಂದು ಇಟ್ಟಿರುವ ಒಂಡಾನ್‌ಸೆಟ್ರಾನ್ ಮಾತ್ರೆ ಪ್ರಯಾಣದ ವಾಂತಿಗೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಪ್ರಯಾಣಕ್ಕೆ ಬಳಸುವ ಪ್ರೊಮೆಥಜೀನ್, ಡೈಮೆನ್‌ಹೈಡ್ರಿನೇಟ್, ಸಿನ್ನರಿಜೀನ್ ಮುಂತಾದವು ಬೇರೆ ಗುಂಪಿನವು. ಅವನ್ನು ಹೊರಡುವ ಮೊದಲೇ ತೆಗೆದುಕೊಳ್ಳಬೇಕು. ವಾಂತಿ ಶುರುವಾದ ಮೇಲೆ ನುಂಗಿದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದೇ ಕಷ್ಟ.

ಅರವತ್ತು ದಾಟಿದವರು ಇಲ್ಲಿ ಗಮನವಿಟ್ಟು ಓದಿ. ಈ ಮಾತ್ರೆಗಳು ನಿದ್ದೆ ಬರಿಸುತ್ತವೆ. ಓಲಾಡುವ ಮೆಟ್ಟಿಲ ಮೇಲೆ ತೂಕಡಿಸಿದರೆ ಬೀಳುವ ಅಪಾಯವಿದೆ. ಅವುಗಳಲ್ಲಿ ಕೆಲವು ಪ್ರಾಸ್ಟೇಟ್ ಗ್ರಂಥಿ ಊದಿರುವವರಿಗೆ ಮೂತ್ರ ಕಟ್ಟುವಂತೆ ಮಾಡಬಹುದು, ಒಂದು ಬಗೆಯ ಗ್ಲಾಕೋಮಾ ಇರುವವರಿಗೆ ಕಣ್ಣಿನ ಒತ್ತಡ ಏರಿಸಬಹುದು. ನಡುಗಡಲಿನಲ್ಲಿ ಮೂತ್ರ ಕಟ್ಟಿದರೆ ಅದು ಸಣ್ಣ ತೊಂದರೆಯಲ್ಲ. ಗೆಳೆಯ ಕೊಟ್ಟ ಮಾತ್ರೆ ಅವನಿಗೆ ಹಿಡಿಸಿರಬಹುದು, ನಿಮಗಲ್ಲ. ಹೊರಡುವ ಮುಂಚೆ ನಿಮ್ಮ ವೈದ್ಯರಿಗೆ ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಿಗಳ ಪಟ್ಟಿ ತೋರಿಸಿ ಕೇಳಿ.

ಈಜಿಗಿಂತ ಮಂಡಿ ಮುಖ್ಯ

ಪ್ರಯಾಣಿಕರಿಗೆ ಈಜು ಬರಲೇಬೇಕು ಎಂಬ ನಿಯಮವಿಲ್ಲ. ಲೈಫ್ ಜಾಕೆಟ್ ಇರುವುದೇ ಅದಕ್ಕೆ. ಆದರೆ ಅದನ್ನು ಸರಿಯಾಗಿ ಕಟ್ಟಿಕೊಂಡರೆ ಮಾತ್ರ ಉಪಯೋಗ. ಅಂತರರಾಷ್ಟ್ರೀಯ ಹಡಗುಗಳಲ್ಲಿ ಹೊರಡುವ ಮೊದಲು ಅಥವಾ ಹೊರಟ ಕೂಡಲೇ ತುರ್ತು ಅಭ್ಯಾಸ ಮಾಡಿಸುವುದು ಕಡ್ಡಾಯ. 2012ರಲ್ಲಿ ಇಟಲಿಯಲ್ಲಿ ಕೋಸ್ಟಾ ಕಾಂಕೋರ್ಡಿಯಾ ಹಡಗು ಬಂಡೆಗೆ ಬಡಿದು 32 ಜನ ಸತ್ತ ಮೇಲೆ ಈ ನಿಯಮ ಬಿಗಿಯಾಯಿತು. ಸೆಲ್ಫಿ ತೆಗೆಯಲು ಆ ಅಭ್ಯಾಸ ತಪ್ಪಿಸಬೇಡಿ.

ನಿಜವಾದ ಪರೀಕ್ಷೆ ಇಳಿಯುವಾಗ. ಲಕ್ಷದ್ವೀಪದ ಹವಳದ ಕೊಳಗಳು ಆಳವಿಲ್ಲದವು. ಹಡಗು ದೂರ ನಿಂತು, ಜನ ಸಣ್ಣ ದೋಣಿಗೆ ಇಳಿದು ದಡ ಸೇರುವುದು ಅಲ್ಲಿ ಮಾಮೂಲು. ಅಲೆಯ ಜೊತೆ ದೋಣಿ ಮೇಲೆ ಕೆಳಗೆ ಆಡುತ್ತಿರುತ್ತದೆ. ಸಿಬ್ಬಂದಿ ಹೇಳಿದ ಕ್ಷಣಕ್ಕೆ ಕಾಲಿಡಬೇಕು. ಆಗ ಬೆರಳು ಹಿಡಿಯದೆ, ಒಬ್ಬರ ಮಣಿಕಟ್ಟನ್ನು ಇನ್ನೊಬ್ಬರು ಹಿಡಿದುಕೊಳ್ಳಬೇಕು. ಆ ಹಿಡಿತ ಜಾರುವುದಿಲ್ಲ.

ಮಳೆಗಾಲದಲ್ಲಿ ಹಳ್ಳದ ಸಂಕ ದಾಟಿ ಶಾಲೆಗೆ ಹೋದವರಿಗೆ ಈ ಕ್ಷಣ ಅರ್ಥವಾಗುತ್ತದೆ. ಆದರೆ ಆಗಿನ ಮಂಡಿ ಈಗ ಇಲ್ಲ. ಮನೆಯಲ್ಲೇ ಪರೀಕ್ಷಿಸಿ: ಒಂದು ಕೈಯಲ್ಲಿ ಮಾತ್ರ ಆಧಾರ ಹಿಡಿದು ಎತ್ತರದ ಮೆಟ್ಟಿಲನ್ನು ಹತ್ತಿ ಇಳಿಯಲು ಆಗುತ್ತದೆಯೇ? ಆಗದಿದ್ದರೆ, ಹಡಗು ನೇರ ಜಟ್ಟಿಗೆ ತಾಗುವ ಪ್ರವಾಸವನ್ನೇ ಆರಿಸಿ. ಇದು ನಾಚಿಕೆಪಡುವ ಸಂಗತಿಯಲ್ಲ, ಮೊದಲೇ ಹೇಳಬೇಕಾದ ಸಂಗತಿ.

ಸ್ಯಾನಿಟೈಸರ್ ಸಾಕೇ? ಡಾಕ್ಟರ್ ಇದ್ದಾರೆಯೇ?

ಹಡಗಿನಲ್ಲಿ ಬೇಗ ಹರಡುವ ವಾಂತಿಭೇದಿಗೆ ಸಾಮಾನ್ಯ ಕಾರಣ ನೊರೊವೈರಸ್. ಆಲ್ಕೋಹಾಲ್ ಸ್ಯಾನಿಟೈಸರ್ ಅದರ ಮೇಲೆ ಅಷ್ಟು ಪರಿಣಾಮಕಾರಿಯಲ್ಲ. ಸೋಪು, ನೀರು ಹಾಕಿ ಕೈ ಉಜ್ಜಿ ತೊಳೆಯುವುದೇ ಮದ್ದು. ಜ್ವರ ಅಥವಾ ಭೇದಿಯೂ ಜೊತೆಗಿದ್ದರೆ ಅದು ಅಲೆಯ ವಾಂತಿ ಅಲ್ಲ ಎಂದು ತಿಳಿದು ಸಿಬ್ಬಂದಿಗೆ ಹೇಳಿ.

ಸಣ್ಣ ಹಡಗಿನಲ್ಲಿ ಆಸ್ಪತ್ರೆ ನಿರೀಕ್ಷಿಸಬೇಡಿ. ವೈದ್ಯರು ಇದ್ದಾರೆಯೇ, ಹತ್ತಿರದ ಆಸ್ಪತ್ರೆಗೆ ಎಷ್ಟು ತಾಸು ಎಂದು ಮೊದಲೇ ಕೇಳಿ. ಇತ್ತೀಚೆಗೆ ಹೃದಯಾಘಾತ ಅಥವಾ ಶಸ್ತ್ರಚಿಕಿತ್ಸೆ ಆದವರು ವೈದ್ಯರ ಒಪ್ಪಿಗೆ ಇಲ್ಲದೆ ಹೊರಡಬಾರದು. ಸಕ್ಕರೆ ಮತ್ತು ಬಿಪಿ ಮಾತ್ರೆ, ಇನ್ಸುಲಿನ್ ಇವು ನಾಲ್ಕಾರು ದಿನ ಹೆಚ್ಚಿಗೆ ಇರಲಿ, ಕೈಚೀಲದಲ್ಲೇ ಇರಲಿ. ವಾಂತಿಯಾಗಿ ಊಟ ಬಿಟ್ಟ ದಿನ ಸಕ್ಕರೆಯ ಔಷಧಿ ಹೇಗೆ ತೆಗೆದುಕೊಳ್ಳಬೇಕೆಂದೂ ಮೊದಲೇ ಕೇಳಿಟ್ಟುಕೊಳ್ಳಿ.

ದುಡ್ಡಿನ ಮಾತು

ಫಾರ್ವರ್ಡ್‌ನಲ್ಲಿರುವ ‘ಒಬ್ಬರಿಗೆ ಇಷ್ಟು’ ಎಂಬ ದರ ಸಾಮಾನ್ಯವಾಗಿ ಒಂದು ಕೋಣೆಯಲ್ಲಿ ಇಬ್ಬರು ಇರುತ್ತಾರೆಂಬ ಲೆಕ್ಕದ್ದು. ಒಬ್ಬರೇ ಬರುವವರು ಹೆಚ್ಚು ಕೊಡಬೇಕಾಗುತ್ತದೆ. ಸಂಗಾತಿಯನ್ನು ಕಳೆದುಕೊಂಡ ಸಹಪಾಠಿಗಳು ಹಿಂದೆ ಸರಿಯುವುದು ಎಷ್ಟೋ ಸಲ ಇಲ್ಲಿಯೇ. ಗುಂಪಿನವರು ಮೊದಲೇ ಜೋಡಿ ಹೊಂದಿಸಿದರೆ ಅವರೂ ಬರಬಹುದು.

ವಿದೇಶ ಪ್ರವಾಸದ ಪ್ಯಾಕೇಜ್‌ಗೆ ಟಿಸಿಎಸ್ ಎಂದು ಹಿಡಿದುಕೊಳ್ಳುವ ಹಣ ಕಳೆದುಹೋಗುವುದಿಲ್ಲ. ಆದಾಯ ತೆರಿಗೆ ರಿಟರ್ನ್‌ನಲ್ಲಿ ಅದನ್ನು ಹೊಂದಿಸಿಕೊಳ್ಳಬಹುದು. ಯುರೋಪಿನ ಹಡಗಾದರೆ, ಅದು ಷೆಂಗೆನ್ ವಲಯದಿಂದ ಹೊರಹೋಗಿ ಮತ್ತೆ ಒಳಬರುವುದಿದ್ದರೆ ಒಂದಕ್ಕಿಂತ ಹೆಚ್ಚು ಸಲ ಪ್ರವೇಶಿಸಲು ಬಿಡುವ ವೀಸಾ ಬೇಕು. ವಿಮೆ ಮಾಡಿಸುವಾಗ ಹಳೆಯ ಕಾಯಿಲೆಗಳನ್ನು ಮುಚ್ಚಿಡಬೇಡಿ. ಮುಚ್ಚಿಟ್ಟರೆ ಕ್ಲೇಮ್ ತಿರಸ್ಕೃತವಾಗಬಹುದು.

ಮತ್ತೊಂದು ಮಾತು: ‘ಇಂದೇ ಮುಂಗಡ ಕಳಿಸಿ’ ಎಂಬ ಆತುರವೇ ಮೋಸದ ಮೊದಲ ಲಕ್ಷಣ. ಖಾಸಗಿ ವ್ಯಕ್ತಿಯ ಯುಪಿಐಗೆ ದುಡ್ಡು ಹಾಕಬೇಡಿ. ಸಂದೇಶ ಕಳಿಸಿದವರು ನಮ್ಮ ಬೆಂಚಿನವರೇ ಆಗಿರಬಹುದು, ಅವರಿಗೂ ಅದು ಬೇರೆಲ್ಲಿಂದಲೋ ಬಂದದ್ದು.

ಫಾರ್ವರ್ಡ್ ಮಾಡುವ ಮುನ್ನ ಕೇಳಬೇಕಾದ ಏಳು ಪ್ರಶ್ನೆ

1. ಹಡಗಿನ ಹೆಸರೇನು, ಎಷ್ಟು ಪ್ರಯಾಣಿಕರು, ನಡೆಸುವವರು ಯಾರು?
2. ಯಾವ ತಿಂಗಳು? ಮಳೆಗಾಲವೇ?
3. ಪಾಠ ಹೇಳುವವರು ಯಾರು, ಎಷ್ಟು ಜನರಿಗೆ ಒಬ್ಬರು?
4. ಇಳಿಯುವುದು ಜಟ್ಟಿಗೋ, ಸಣ್ಣ ದೋಣಿಗೋ?
5. ಹಡಗಿನಲ್ಲಿ ವೈದ್ಯರಿದ್ದಾರೆಯೇ?
6. ಒಬ್ಬರೇ ಬಂದರೆ ದರ ಎಷ್ಟು? ರದ್ದು ಮಾಡಿದರೆ ಎಷ್ಟು ವಾಪಸ್?
7. ಪರವಾನಗಿ ಅಥವಾ ವೀಸಾ ಯಾರ ಜವಾಬ್ದಾರಿ?

ಇವಕ್ಕೆ ಉತ್ತರ ಸಿಕ್ಕಿದರೆ ಆ ಫಾರ್ವರ್ಡ್ ಒಂದು ಆಹ್ವಾನ. ಸಿಗದಿದ್ದರೆ ಅದನ್ನು ನಂಬಿ ಹಣ ಕಟ್ಟಬೇಡಿ.

ಒಟ್ಟಿನಲ್ಲಿ, ಘಟ್ಟದಲ್ಲಿ ವಾಂತಿ ಮಾಡಿದ್ದೊಂದೇ ಕಡಲಿಗೆ ಹೋಗದಿರಲು ಕಾರಣವಾಗಬೇಕಿಲ್ಲ. ಗೆಳೆಯರೆಲ್ಲ ಹೊರಟಿದ್ದಾರೆ ಎಂಬುದೊಂದೇ ಹೋಗಲೂ ಕಾರಣವಾಗಬಾರದು. ನಿಮ್ಮ ಗುಂಪಿನಲ್ಲಿ ‘ನಾನು ಬರೋದಿಲ್ಲ ಮಾರಾಯ’ ಎಂದವರಿಗೆ ಈ ಬರಹ ಕಳಿಸಿ. ‘ನಾನು ರೆಡಿ’ ಎಂದವರಿಗೂ ತಪ್ಪದೆ ಕಳಿಸಿ.